ಲಂಕೆಯ ಕಡತ ತೆರೆಯಿರಿ: ರಕ್ಷಣಾ ಸಚಿವರಿಗೆ ಸೈನಿಕರೊಬ್ಬರ ಹೆಂಡತಿಯ ಬಹಿರಂಗ ಪತ್ರ

ಗೆ,
ಮಾನ್ಯ ರಕ್ಷಣಾ ಸಚಿವರು,
ಭಾರತ ಸರ್ಕಾರ, ನವದೆಹಲಿ.

ವಿಷಯ: 1987ರಿಂದ 1990ರವರೆಗಿನ ಶ್ರೀಲಂಕಾ ಕಾರ್ಯಾಚರಣೆಯ ದಾಖಲೆಗಳನ್ನು ಜನರಿಗೆ ತೆರೆಯುವ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯವಳು. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತಳಾಗಿದ್ದೇನೆ. ನಮ್ಮ ಯಜಮಾನರು ಸೈನ್ಯದಲ್ಲಿ ಮದ್ರಾಸ್ ಸ್ಯಾಪರ್ಸ್ ಎನ್ನುವ ಇಂಜಿನಿಯರ್ ಪಡೆಯವರು. ಭಾರತೀಯ ಶಾಂತಿ ಪಾಲನಾ ಪಡೆ ಶ್ರೀಲಂಕಾಕ್ಕೆ ಹೋದಾಗ ಇವರೂ ಹೋಗಿದ್ದರು. ಮೊದಲೇ ಹೇಳಿಬಿಡುತ್ತೇನೆ, ಈ ಪತ್ರ ದುಡ್ಡು ಕೇಳುವುದಕ್ಕಲ್ಲ. ಇವರ ಪಿಂಚಣಿ ತಿಂಗಳು ತಿಂಗಳು ಬರುತ್ತಿದೆ, ನನ್ನದೂ ಬರುತ್ತಿದೆ. ಸ್ವಲ್ಪ ತೆಂಗಿನ ತೋಟ ಇದೆ. ನಾನು ಕೇಳುತ್ತಿರುವುದು ಸುದ್ದಿ. ಮೂವತ್ತೈದು ವರ್ಷಕ್ಕಿಂತ ಹಳೆಯ ಸುದ್ದಿ. ಅದು ನಿಮ್ಮ ಸಚಿವಾಲಯದ ಕಪಾಟುಗಳಲ್ಲಿದೆ. ನಮ್ಮ ಮನೆಗಳಿಗೆ ಇನ್ನೂ ಬಂದಿಲ್ಲ.

ನಮ್ಮ ಮದುವೆ 1987ರ ಮೇ ತಿಂಗಳಲ್ಲಿ ಆಯಿತು. ಇವರು ಮದುವೆ ರಜೆಯಲ್ಲಿದ್ದಾಗಲೇ, ಜೂನ್ 4ರಂದು, ಬೆಂಗಳೂರಿನಿಂದ ಹೊರಟ ವಾಯುಪಡೆಯ ವಿಮಾನಗಳು ಶ್ರೀಲಂಕಾದ ಉತ್ತರದ ಜಾಫ್ನಾ ಮೇಲೆ ಆಹಾರ, ಔಷಧದ ಮೂಟೆಗಳನ್ನು ಇಳಿಸಿದವು. ರೇಡಿಯೋದಲ್ಲಿ ಕೇಳಿದೆವು. ಅದು ನಮ್ಮ ಮನೆಗೆ ಸಂಬಂಧಪಟ್ಟ ಸುದ್ದಿ ಅಂತ ಆಗ ಯಾರಿಗೆ ಗೊತ್ತಿತ್ತು? ಜುಲೈ 29ಕ್ಕೆ ಕೊಲಂಬೊದಲ್ಲಿ ರಾಜೀವ್ ಗಾಂಧಿಯವರೂ ಅಲ್ಲಿನ ಅಧ್ಯಕ್ಷ ಜಯವರ್ಧನೆಯವರೂ ಒಪ್ಪಂದಕ್ಕೆ ಸಹಿ ಹಾಕಿದರು. ಮಾರನೇ ದಿನದಿಂದಲೇ ನಮ್ಮ ಸೈನ್ಯ ಅಲ್ಲಿ ಇಳಿಯತೊಡಗಿತು. ಸಿಂಹಳ ಸರ್ಕಾರಕ್ಕೂ ತಮಿಳು ಉಗ್ರರಿಗೂ 1983ರಿಂದ ನಡೆಯುತ್ತಿದ್ದ ಜಗಳ ಅದು. ನಾವು ನಡುವೆ ನಿಂತು ಬಿಡಿಸುತ್ತೇವೆ, ಆ ಉಗ್ರರಲ್ಲಿ ಮುಖ್ಯ ಗುಂಪಾದ ಎಲ್‌ಟಿಟಿಇಯವರು, ಅಂದರೆ ತಮಿಳು ಹುಲಿಗಳು, ಬಂದೂಕು ಒಪ್ಪಿಸುತ್ತಾರೆ, ನಮ್ಮವರು ವಾಪಸ್ ಬರುತ್ತಾರೆ ಎನ್ನುವುದು ಲೆಕ್ಕ. ಇವರೂ ಹಾಗೇ ಹೇಳಿ ಹೋದರು. ಸಂಕ್ರಾಂತಿಗೆ ಬಂದುಬಿಡ್ತೀನಿ ಅಂದಿದ್ದರು.

ಆಗ ಕಾಗದ ಹೇಗೆ ಬರುತ್ತಿತ್ತು ಎಂದು ನಿಮಗೆ ಹೇಳಬೇಕು. ಈಗಿನ ಸೈನಿಕರ ಹೆಂಡತಿಯರಿಗೆ ವಿಡಿಯೊ ಕಾಲ್ ಇದೆ. ಒಳ್ಳೆಯದಾಯಿತು. ನಮಗೆ ಇದ್ದದ್ದು ಇನ್‌ಲ್ಯಾಂಡ್ ಲೆಟರ್. ವಿಳಾಸದಲ್ಲಿ ಊರು ಇರುವುದಿಲ್ಲ, ನಂಬರು, ಹೆಸರು, ತುಕಡಿ, ಕೇರಾಫ್ 56 ಎಪಿಒ ಎನ್ನುವ ಸೈನ್ಯದ ಅಂಚೆ ನಂಬರು, ಅಷ್ಟೇ. ಎಲ್ಲಿದ್ದೇವೆ, ಏನು ಮಾಡುತ್ತಿದ್ದೇವೆ ಎಂದು ಅವರು ಬರೆಯುವ ಹಾಗಿರಲಿಲ್ಲ. ಕಾಗದ ಬರುತ್ತಿದ್ದದ್ದು ನಮ್ಮ ಮಾವನವರ ಹೆಸರಿಗೆ. 'ತೀರ್ಥರೂಪು ತಂದೆಯವರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ' ಎಂದು ಶುರು. ಮಾವನವರಿಗೆ ಓದು ಬಾರದು. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ನಾನೊಬ್ಬಳೇ. ಹಾಗಾಗಿ ಜಗಲಿಯಲ್ಲಿ ಎಲ್ಲರ ಮುಂದೆ ನಾನೇ ಓದಬೇಕು. ಮಳೆ, ರಾಗಿ ಬಿತ್ತನೆ, ಎಮ್ಮೆ, ಸಾಲ, ತಂಗಿಯ ಗಂಡು ಹುಡುಕುವುದು, ಎಲ್ಲ ವಿಚಾರಿಸಿ ಆದ ಮೇಲೆ ಮಡಚುವ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ನನಗೆ ಅಂತ ಒಂದೆರಡು ಸಾಲು ಇರುತ್ತಿತ್ತು. ಅದನ್ನು ಮನಸ್ಸಿನಲ್ಲೇ ಓದಿಕೊಂಡು ಮಡಚಿಬಿಡುತ್ತಿದ್ದೆ. 'ಅಷ್ಟೇನಾ?' ಎಂದು ಮಾವನವರು ಕೇಳುತ್ತಿದ್ದರು. 'ಅಷ್ಟೇ ಮಾವ' ಅನ್ನುತ್ತಿದ್ದೆ. ಸೈನ್ಯದವರು ಅಲ್ಲಿ ಕತ್ತರಿ ಹಾಕಿದ ಮೇಲೆ ಇಲ್ಲಿ ನಾನೂ ಒಂದು ಕತ್ತರಿ ಹಾಕುತ್ತಿದ್ದೆ ಅನ್ನಿ.

ಆ ಅಂಚಿನ ಸಾಲುಗಳಲ್ಲಿ ಪ್ರೀತಿ ಪ್ರೇಮ ಏನೂ ಇರುತ್ತಿರಲಿಲ್ಲ. ಅಡುಗೆ ಇರುತ್ತಿತ್ತು. 'ನಿನ್ನೆ ರಾತ್ರಿ ಮನೇಲಿ ಏನು ಸಾರು? ಬರೆದು ಕಳಿಸು.' ನಾನು ಬರೆಯುತ್ತಿದ್ದೆ. ಸೋಮವಾರ ಹುರುಳಿ ಸಾರು, ಮಂಗಳವಾರ ಬಸ್ಸಾರು. ಅವರೇಕಾಯಿ ಕಾಲ ಬಂದಾಗ ಒಂದು ಕಾಗದದಲ್ಲಿ ಹೀಗಿತ್ತು: 'ಹಿತಕಿದಬೇಳೆ ಮಾಡಿದ ದಿನ ಮಾತ್ರ ಬರೀಬೇಡ. ಆಮೇಲೆ ಊಟ ಸೇರಲ್ಲ.' ಇನ್ನೊಂದು ಸಲ, 'ಇಲ್ಲಿ ತೆಂಗಿಗಿಂತ ತಾಳೆಮರ ಜಾಸ್ತಿ, ಮಣ್ಣು ಮಾತ್ರ ನಮ್ಮ ಹೊಲದ ಥರಾನೇ ಕೆಂಪು' ಎಂದು ಬರೆದಿದ್ದರು. ಅದನ್ನು ಯಾರೂ ಹೊಡೆದುಹಾಕಿರಲಿಲ್ಲ. ಶಾಲೆಯ ಮೇಷ್ಟ್ರಿಗೆ ತೋರಿಸಿದಾಗ ಅವರು ಭೂಪಟ ನೋಡಿ, ತಾಳೆಮರ ಅಂದರೆ ಜಾಫ್ನಾ ಕಡೆ ಇರಬೇಕು ಕಣಮ್ಮ ಅಂದರು. ನನ್ನ ಗಂಡ ಯಾವ ಊರಲ್ಲಿದ್ದಾನೆ ಎಂದು ನನಗೆ ಗೊತ್ತಾದದ್ದು ಹಾಗೆ.

ಮೊದಲ ಕಾಗದಗಳಲ್ಲಿ ಖುಷಿ ಇತ್ತು. ಜನ ಹೂಮಾಲೆ ಹಾಕಿದರು, ಮನೆಯೊಳಗೆ ಕರೆದು ಟೀ ಕೊಟ್ಟರು ಎಂದು ಬರೆದಿದ್ದರು. ಸೆಪ್ಟೆಂಬರ್ ಕೊನೆಯಲ್ಲಿ ನಲ್ಲೂರಿನಲ್ಲಿ ಉಪವಾಸ ಕೂತಿದ್ದ ಎಲ್‌ಟಿಟಿಇಯ ತಿಲೀಪನ್ ತೀರಿಕೊಂಡ. ಅಕ್ಟೋಬರ್ ಮೊದಲ ವಾರ ಸೆರೆಸಿಕ್ಕ ಎಲ್‌ಟಿಟಿಇ ಮುಖಂಡರು ಸಯನೈಡ್ ನುಂಗಿ ಸತ್ತರು. ಆಮೇಲೆ ಒಪ್ಪಂದ ಎಲ್ಲಿ ಉಳಿಯಿತು? ಎರಡನೇ ವಾರದಲ್ಲಿ ಎಲ್‌ಟಿಟಿಇ ಮೇಲೆ ನಮ್ಮ ಸೈನ್ಯದ ಕಾರ್ಯಾಚರಣೆ, ಆಪರೇಷನ್ ಪವನ್, ಶುರುವಾಯಿತು. ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಜನ ಸತ್ತರು, ಒಬ್ಬ ಸೆರೆಸಿಕ್ಕ. ಇದೆಲ್ಲ ನನಗೆ ಗೊತ್ತಾದದ್ದು ಎಷ್ಟೋ ವರ್ಷ ಆದ ಮೇಲೆ, ಪುಸ್ತಕಗಳಿಂದ. ಆಗ ಗೊತ್ತಾದದ್ದು ಒಂದೇ. ಕಾಗದ ನಿಂತುಹೋಯಿತು.

ಆ ವರ್ಷ ನಮಗೆ ಮದುವೆಯಾದ ಮೊದಲ ದೀಪಾವಳಿ. ನಮ್ಮ ಕಡೆ ಹೊಸ ಅಳಿಯನನ್ನು ಹೆಣ್ಣಿನ ಮನೆಗೆ ಕರೆದು ಎಣ್ಣೆಸ್ನಾನ ಮಾಡಿಸಿ ಬಟ್ಟೆ ಕೊಡುತ್ತಾರೆ. ನಮ್ಮಪ್ಪ ಸಾಲ ಮಾಡಿ ಪಂಚೆ, ಶರ್ಟಿನ ಬಟ್ಟೆ ತಂದಿಟ್ಟಿದ್ದರು. ಭಾನುವಾರ ಬೆಳಿಗ್ಗೆ ಊರಿನ ಒಂದೇ ಟಿವಿ ಮುಂದೆ ಜನ ರಾಮಾಯಣ ನೋಡಲು ಸೇರುತ್ತಿದ್ದ ಕಾಲ ಅದು. 'ನಿನ್ನ ಗಂಡಾನೂ ಲಂಕೆಗೆ ಹೋಗವ್ನಲ್ಲ, ಅಲ್ಲೆಲ್ಲಾದ್ರೂ ಕಾಣ್ತಾನಾ ನೋಡೇ' ಎಂದು ನಗುತ್ತಿದ್ದರು. ಅವರು ತಮಾಷೆಗೆ ಹೇಳಿದ್ದು, ಬೇಜಾರಿಲ್ಲ. ಆದರೆ ಊರಿನವರಿಗೆ ಆ ಯುದ್ಧದ ಬಗ್ಗೆ ಗೊತ್ತಿದ್ದದ್ದು ಅಷ್ಟೇ ಎನ್ನುವುದೂ ನಿಜ. ನಿಮ್ಮ ಸಚಿವಾಲಯ ಹೇಳಿದ್ದೂ ಅದಕ್ಕಿಂತ ಬಹಳ ಜಾಸ್ತಿ ಏನಲ್ಲ.

ಅದೇ ದೀಪಾವಳಿ ದಿನಗಳಲ್ಲಿ, ಅಕ್ಟೋಬರ್ 21ರಂದು, ಜಾಫ್ನಾ ಆಸ್ಪತ್ರೆಯೊಳಗೆ ವೈದ್ಯರು, ದಾದಿಯರು, ರೋಗಿಗಳು ಗುಂಡೇಟಿಗೆ ಸತ್ತರು. ನಮ್ಮ ಸೈನಿಕರೇ ಕೊಂದರು ಎಂದು ಅಲ್ಲಿನವರು ಹೇಳುತ್ತಾರೆ. ಒಳಗಿನಿಂದ ಗುಂಡು ಬಂತು, ಎರಡೂ ಕಡೆಯ ಗುಂಡಿನ ನಡುವೆ ಸಿಕ್ಕಿದರು ಎಂದು ನಮ್ಮ ಕಡೆಯವರು ಹೇಳುತ್ತಾರೆ. ಸೈನಿಕನ ಹೆಂಡತಿಯಾಗಿ ಇದನ್ನು ಬರೆಯುವುದು ನನಗೆ ಸುಲಭ ಅಲ್ಲ. ಬೇಡ ಎಂದು ಇವರೇ ಹೇಳಿದರು. ಆದರೆ ಅಲ್ಲಿ ಏನು ನಡೆಯಿತು ಎಂದು ಅಧಿಕೃತವಾಗಿ, ಪೂರ್ತಿಯಾಗಿ ಹೇಳದೇ ಇದ್ದರೆ ಆವತ್ತು ಆ ಆಸ್ಪತ್ರೆಯ ಹತ್ತಿರವೂ ಇಲ್ಲದ ಸಾವಿರಾರು ಸೈನಿಕರ ತಲೆ ಮೇಲೂ ಆ ಮಾತು ಕೂರುತ್ತದೆ. ಕೂತಿದೆ. ಇಂಟರ್ನೆಟ್ಟಿನಲ್ಲಿ ಯಾರೋ ಏನೋ ಬರೆದದ್ದನ್ನು ಮೊಮ್ಮಗ ಓದಿ, 'ತಾತ, ನೀನೂ ಅಲ್ಲಿದ್ಯಾ?' ಎಂದು ಕೇಳಿದಾಗ ಇವರು ಏನು ಹೇಳಬೇಕು ಹೇಳಿ?

ಇವರ ಕೆಲಸ ರಸ್ತೆ ತೆರೆಯುವುದು. ಬೆಳಿಗ್ಗೆ ಲಾರಿಗಳು ಹೊರಡುವ ಮೊದಲು ಮುಂದೆ ನಡೆದು ನೆಲಬಾಂಬ್ ಹುಡುಕಬೇಕು. ರಸ್ತೆ ಅಂಚಿನ ಹೊಸ ಮಣ್ಣು, ಮೋರಿಯೊಳಗೆ ತುರುಕಿಟ್ಟ ಡಬ್ಬ, ಹುಲ್ಲಿನೊಳಗೆ ಹೋಗುವ ತಂತಿ, ಇವನ್ನು ನೋಡಬೇಕು. ಇದನ್ನೂ ಕಾಗದದಲ್ಲಿ ಬರೆದವರಲ್ಲ. ನಾನು ಗೊತ್ತುಮಾಡಿಕೊಂಡದ್ದು ಅವರು ಮನೆಗೆ ಬಂದ ಮೇಲೆ, ಅವರು ನಡೆಯುವುದನ್ನು ನೋಡಿ. ನಮ್ಮ ತೋಟದ ದಾರಿಯಲ್ಲಿ ಒಂದು ಮೋರಿ ಇದೆ. ಇವತ್ತಿಗೂ ಅದರ ಮೇಲೆ ಕಾಲಿಡುವ ಮೊದಲು ಪಕ್ಕಕ್ಕೆ ಇಳಿದು, ಬಗ್ಗಿ, ಒಳಗೆ ನೋಡುತ್ತಾರೆ. ಆಮೇಲೆ ಟವೆಲ್ ಒದರಿ ಹೆಗಲಿಗೆ ಹಾಕಿಕೊಂಡು ಏನೂ ಆಗಿಲ್ಲ ಅನ್ನುವ ಹಾಗೆ ದಾಟುತ್ತಾರೆ. ಮಕ್ಕಳು ಚಿಕ್ಕವರಿದ್ದಾಗ ಅಪ್ಪ ಏಡಿ ಹುಡುಕ್ತಾರೆ ಅಂದುಕೊಂಡಿದ್ದರು. ರಸ್ತೆ ಅಗೆದು ಕೇಬಲ್ ಹಾಕಿದ ಜಾಗದಲ್ಲಿ ಇವರು ಗಾಡಿ ಓಡಿಸುವುದಿಲ್ಲ, ತಳ್ಳಿಕೊಂಡು ಹೋಗುತ್ತಾರೆ. ರಾತ್ರಿಗಳ ವಿಷಯ ನಾನು ಬರೆದಿದ್ದೆ. ಅದನ್ನು ಇವರು ಹೊಡೆದುಹಾಕಿದ್ದಾರೆ. ಇರಲಿ.

ಮಗಳು ಹುಟ್ಟಿದ್ದು 1988ರಲ್ಲಿ, ಇವರು ಅಲ್ಲಿದ್ದಾಗ. ಟೆಲಿಗ್ರಾಂ ಕೊಟ್ಟೆವು. ನಮ್ಮ ಕಡೆ ಟೆಲಿಗ್ರಾಂ ಅಂದರೆ ಸಾವು ಅನ್ನುವ ಕಾಲ. ಇವರು ಅದನ್ನು ಒಡೆಯದೆ ಜೇಬಿನಲ್ಲಿ ಇಟ್ಟುಕೊಂಡು ಆ ದಿನದ ಕೆಲಸ ಮುಗಿಸಿದರಂತೆ. ಕೈ ನಡುಗಿದರೆ ಕೆಲಸ ಕೆಡುತ್ತಲ್ಲ, ಅದಕ್ಕೆ. ಪಕ್ಕದ ಹೋಬಳಿಯ ಒಂದು ಮನೆಗೆ ಆ ಕಡೆಯಿಂದ ಟೆಲಿಗ್ರಾಂ ಬಂತು. ಆಮೇಲೆ ಅಸ್ಥಿ ಬಂತು. ದೇಹ ಬರಲಿಲ್ಲ. ಆ ಹುಡುಗಿ ನನಗಿಂತ ಚಿಕ್ಕವಳು. ಎಲ್ಲಿ, ಹೇಗೆ, ಜೊತೆಯಲ್ಲಿ ಯಾರಿದ್ದರು, ಕೊನೆಗೆ ನೀರು ಕೇಳಿದರಾ, ಅವಳಿಗೆ ಯಾರೂ ಹೇಳಿಲ್ಲ. ಈಗ ಅವಳಿಗೂ ಮೊಮ್ಮಕ್ಕಳ ವಯಸ್ಸು. ಮದುವೆ ಮನೆಗಳಲ್ಲಿ ಸಿಕ್ಕಾಗ ಇವರ ಹತ್ತಿರ ಬಂದು, 'ಅಣ್ಣಾ, ನಿಮಗೇನಾದ್ರೂ ಗೊತ್ತಾಯ್ತಾ?' ಎಂದು ಈಗಲೂ ಕೇಳುತ್ತಾಳೆ. ಇವರದ್ದು ಬೇರೆ ತುಕಡಿ. ಇವರಿಗೆ ಹೇಗೆ ಗೊತ್ತಾಗಬೇಕು?

ಮಾನ್ಯರೇ, ಅವಳ ಪ್ರಶ್ನೆಗೆ ಉತ್ತರ ಇದೆ. ಪ್ರತಿ ತುಕಡಿಯೂ ಕಾರ್ಯಾಚರಣೆಯಲ್ಲಿ ವಾರ್ ಡೈರಿ ಬರೆಯುತ್ತದೆ. ಯಾವ ದಿನ ಎಲ್ಲಿದ್ದರು, ಏನಾಯಿತು, ಯಾರು ಸತ್ತರು, ಯಾರು ಗಾಯಗೊಂಡರು, ಎಲ್ಲ ಅದರಲ್ಲಿ ದಾಖಲಾಗಬೇಕು. ಇವನ್ನೆಲ್ಲ ಏನು ಮಾಡಬೇಕು ಎಂದು ನಿಮ್ಮ ಸಚಿವಾಲಯವೇ 2021ರ ಜೂನ್‌ನಲ್ಲಿ ಒಂದು ನೀತಿಗೆ ಒಪ್ಪಿಗೆ ಕೊಟ್ಟಿದೆ. ಯುದ್ಧ ಮತ್ತು ಕಾರ್ಯಾಚರಣೆಗಳ ದಾಖಲೆಗಳ ಗೋಪ್ಯತೆಯನ್ನು ಸಾಮಾನ್ಯವಾಗಿ 25 ವರ್ಷಕ್ಕೆ ತೆಗೆಯಬೇಕು, ಅದಕ್ಕಿಂತ ಹಳೆಯದನ್ನು ತಜ್ಞರು ನೋಡಿ, ಇತಿಹಾಸ ಬರೆದಾದ ಮೇಲೆ ರಾಷ್ಟ್ರೀಯ ಪತ್ರಾಗಾರಕ್ಕೆ ಕೊಡಬೇಕು ಎಂದು ಅದರಲ್ಲಿದೆ. ಆ ನೀತಿ ಓದಿ ನಾನು ನಿಜವಾಗಿಯೂ ಸಂತೋಷಪಟ್ಟೆ. ಶ್ರೀಲಂಕಾದಿಂದ ನಮ್ಮ ಕೊನೆಯ ತುಕಡಿ ಹಡಗು ಹತ್ತಿದ್ದು 1990ರ ಮಾರ್ಚ್‌ನಲ್ಲಿ. 25 ವರ್ಷ ತುಂಬಿದ್ದು 2015ಕ್ಕೆ. ನೀತಿ ನಿಮ್ಮದೇ, ಲೆಕ್ಕವೂ ಒಂದನೇ ತರಗತಿ ಮಕ್ಕಳು ಮಾಡುವಂಥದ್ದು. ಆದರೂ ಒಬ್ಬ ಹೆಂಡತಿ ತನ್ನ ಗಂಡ ಸತ್ತ ದಿನದ ಪುಟ ತೋರಿಸಿ ಎಂದು ಕೇಳಲು ಎಲ್ಲಿಗೆ ಹೋಗಬೇಕು ಎಂದು ನಮ್ಮ ತಾಲ್ಲೂಕಿನಲ್ಲಿ ಹೇಳುವವರಿಲ್ಲ.

ನಾನು ವಿಚಾರಿಸಲು ಹೋಗಿದ್ದೆ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಅಲ್ಲಿದ್ದ ಹುಡುಗ ಕೆಟ್ಟವನಲ್ಲ. ಕುರ್ಚಿ ಕೊಟ್ಟ. ಕಂಪ್ಯೂಟರ್‌ನಲ್ಲಿ ಏನೋ ಹುಡುಕಿದ. ಆಮೇಲೆ, 'ಮೇಡಂ, ಅದು ಶಾಂತಿ ಪಡೆ ಅಲ್ವಾ? ಯುದ್ಧ ಅಲ್ಲವಲ್ಲ, ವಾರ್ ಡೈರಿ ಯಾಕಿರುತ್ತೆ?' ಅಂದ. ಸುಮಾರು 1,200 ಜನ ಸತ್ತ, ಒಂದು ಹಂತದಲ್ಲಿ ಲಕ್ಷದ ಹತ್ತಿರ ಸೈನಿಕರಿದ್ದ ಕೆಲಸಕ್ಕೆ ಯುದ್ಧ ಅಲ್ಲವಲ್ಲ ಎಂದರೆ ಏನು ಹೇಳಲಿ? ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಪರಮವೀರ ಚಕ್ರ ಕೊಟ್ಟದ್ದು ಇದೇ ಕಾರ್ಯಾಚರಣೆಗೆ ಎಂದು ಹೇಳಿ ಬಂದೆ. ಅವನು ಬರೆದುಕೊಂಡ.

ಒಂದು ಸಲ ಜುಲೈ 26ಕ್ಕೆ, ಕಾರ್ಗಿಲ್ ವಿಜಯ ದಿವಸಕ್ಕೆ, ಮಾಜಿ ಸೈನಿಕರಿಗೆ ಸನ್ಮಾನ ಎಂದು ಕರೆದಿದ್ದರು. ಇವರು ಇಸ್ತ್ರಿ ಮಾಡಿದ ಶರ್ಟ್ ಹಾಕಿ, ಪದಕ ಸಿಕ್ಕಿಸಿಕೊಂಡು ಹೋದರು. ಮೈಕ್ ಹಿಡಿದವರು ಹೆಸರು ಬರೆದುಕೊಳ್ಳುತ್ತಾ, 'ಯಾವ ಯುದ್ಧ ಸರ್?' ಎಂದು ಕೇಳಿದರು. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಯಾವುದೂ ಇಲ್ಲ ಬಿಡಿ' ಎಂದು ಹಿಂದಿನ ಸಾಲಿನಲ್ಲಿ ಕೂತು, ಲಾಡು ತಿಂದು ಮನೆಗೆ ಬಂದರು. ಕಾರ್ಗಿಲ್‌ನವರಿಗೆ ಆಗುವ ಗೌರವದ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಗೆದ್ದ ಯುದ್ಧಕ್ಕೆ ಮಾತ್ರ ದಿನ ಇಡುವುದಾದರೆ, ಹೋಗು ಎಂದಾಗ ಹೋಗಿ, ಬಾ ಎಂದಾಗ ಬಂದವರು ಏನು ಮಾಡಬೇಕು? ಹೋಗುವ ತೀರ್ಮಾನ ಅವರದ್ದಲ್ಲ. ಬರುವ ತೀರ್ಮಾನವೂ ಅವರದ್ದಲ್ಲ. ಕೊನೆಯ ತುಕಡಿ ಮದ್ರಾಸಿನಲ್ಲಿ ಇಳಿದಾಗ ಅಲ್ಲಿನ ಮುಖ್ಯಮಂತ್ರಿ ಸ್ವಾಗತಕ್ಕೆ ಬರಲಿಲ್ಲ. ಅವರದ್ದು ಅವರ ರಾಜಕೀಯ. ಮುಂದಿನ ವರ್ಷ ಮೇ ತಿಂಗಳಲ್ಲಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆ ಆಯಿತು. ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯಲ್ಲಿ ಆ ಹತ್ಯೆಯ ಸಂಚುಗಾರ ಶಿವರಾಸನ್ ಮತ್ತು ಜೊತೆಯವರು ಸತ್ತ ಸುದ್ದಿ ಪೇಪರಿನಲ್ಲಿ ಬಂತು. ಅಷ್ಟು ಹತ್ತಿರಕ್ಕೆ ಆ ಯುದ್ಧ ಬಂದಿತ್ತು. ಆಗಲೂ ನಮ್ಮ ಊರಿನಲ್ಲಿ ಒಬ್ಬರೂ ಇವರನ್ನು ಕೂರಿಸಿಕೊಂಡು, ಅಲ್ಲಿ ಏನಾಗಿತ್ತಪ್ಪ ಎಂದು ಕೇಳಲಿಲ್ಲ.

ಶ್ರೀಲಂಕಾ ಸರ್ಕಾರ ತನ್ನ ಸಂಸತ್ತಿನ ಹತ್ತಿರ, ಶ್ರೀ ಜಯವರ್ಧನಪುರ ಕೋಟ್ಟೆ ಎನ್ನುವ ಊರಿನಲ್ಲಿ, ನಮ್ಮವರ ಹೆಸರು ಕೆತ್ತಿಸಿ ಸ್ಮಾರಕ ಕಟ್ಟಿದೆ. ನಮ್ಮ ಪ್ರಧಾನಿಯವರು 2015ರಲ್ಲಿ ಅಲ್ಲಿಗೆ ಹೋಗಿ ನಮಸ್ಕರಿಸಿದ್ದನ್ನು ಟಿವಿಯಲ್ಲಿ ನೋಡಿದೆವು. 2019ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಆಯಿತು. ಅಲ್ಲೂ ಹೆಸರುಗಳಿವೆ. ಇದಕ್ಕೆ ಕೃತಜ್ಞತೆ ಇದೆ. ಆದರೆ ಕಲ್ಲಿನ ಮೇಲೆ ಹೆಸರು ಮಾತ್ರ ಹಿಡಿಸುತ್ತದೆ. ಹೇಗೆ, ಯಾಕೆ ಎನ್ನುವುದು ಕಾಗದದ ಮೇಲಿದೆ. ನಾನು ಕೇಳುತ್ತಿರುವುದು ಆ ಕಾಗದ.

ಇನ್ನೊಬ್ಬ ಹೆಂಗಸಿನ ವಿಷಯ ಹೇಳಬೇಕು. ಈ ಪತ್ರ ಬರೆಯಲು ಮುಖ್ಯ ಕಾರಣ ಅವಳೇ. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಸೆಂಟರಿನಲ್ಲಿ ತಮಿಳು ಹುಡುಗರ ಜೊತೆ ತರಬೇತಿಯಾದವರು ಇವರು. ಹಾಗಾಗಿ ಇವರಿಗೆ ತಮಿಳು ಚೆನ್ನಾಗಿ ಬರುತ್ತಿತ್ತು. ಕ್ಯಾಂಪಿನ ಗೇಟಿಗೆ ಊರಿನವರು ಏನಾದರೂ ಕೇಳಿಕೊಂಡು ಬಂದರೆ ಇವರನ್ನೇ ಕರೆಯುತ್ತಿದ್ದರಂತೆ. ಒಬ್ಬ ಹೆಂಗಸು ಗಂಡನ ಫೋಟೊ ಹಿಡಿದುಕೊಂಡು ಬರುತ್ತಿದ್ದಳು. ಮದುವೆ ಫೋಟೊ, ಅವಳ ಅರ್ಧ ಮಡಚಿ ಹಿಂದಕ್ಕೆ ಮಾಡಿ ಗಂಡನ ಮುಖ ಮಾತ್ರ ಕಾಣುವ ಹಾಗೆ ಹಿಡಿಯುತ್ತಿದ್ದಳಂತೆ. ರಾತ್ರಿ ಯಾರೋ ಬಂದು ಕರೆದುಕೊಂಡು ಹೋಗಿದ್ದರು. ಹುಲಿಗಳೋ, ಬೇರೆ ಗುಂಪಿನವರೋ, ಸಮವಸ್ತ್ರದವರೋ, ಅವಳಿಗೂ ಗೊತ್ತಿಲ್ಲ. ಆಗ ಅಲ್ಲಿ ಎಲ್ಲರ ಕೈಯಲ್ಲೂ ಬಂದೂಕು. ಪಟ್ಟಿ ನೋಡಿ ಹೇಳ್ತೀವಿ, ನಾಳೆ ಬಾಮ್ಮ, ಎಂದು ಇವರು ತಮಿಳಿನಲ್ಲಿ ಹೇಳಬೇಕು. ಹೇಳುತ್ತಿದ್ದರು. ಅವಳು ಬರುತ್ತಿದ್ದಳು. ಆಮೇಲೆ ಇವರ ತುಕಡಿ ಬೇರೆ ಕಡೆಗೆ ಹೋಯಿತು.

ಈ ವಿಷಯ ಇವರು ನನಗೆ ಹೇಳಿದ್ದು ಮೊನ್ನೆ ಮೊನ್ನೆ. ಶ್ರೀಲಂಕಾದ ಕಿಲಿನೊಚ್ಚಿಯಲ್ಲಿ, ವವುನಿಯಾದಲ್ಲಿ ಕಾಣೆಯಾದವರ ತಾಯಂದಿರು, ಹೆಂಡತಿಯರು 2017ರಿಂದ ರಸ್ತೆ ಬದಿಯಲ್ಲಿ ಫೋಟೊ ಹಿಡಿದು ಕೂತಿದ್ದಾರೆ. ಅದರ ಒಂದು ವಿಡಿಯೊ ಮಗಳು ಫೋನಿನಲ್ಲಿ ತೋರಿಸಿದಳು. ಇವರು ಫೋನ್ ಕೈಗೆ ತೆಗೆದುಕೊಂಡು ಒಂದೊಂದೇ ಮುಖ ನಿಲ್ಲಿಸಿ ನಿಲ್ಲಿಸಿ ನೋಡಿದರು. ಯಾರನ್ನ ಹುಡುಕ್ತಿದ್ದೀರಿ ಅಂದೆ. ಆಗ ಹೇಳಿದರು. ನನಗೆ ಮೊದಲು ಬಂದದ್ದು ಕೋಪ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು. ಆಮೇಲೆ ಅನ್ನಿಸಿತು, ನಾನು ಜಗಲಿಯಲ್ಲಿ ಕೂತು ಪೋಸ್ಟ್‌ಮ್ಯಾನ್ ದಾರಿ ನೋಡುತ್ತಿದ್ದ ಅದೇ ತಿಂಗಳುಗಳಲ್ಲಿ ಅವಳು ನನ್ನ ಗಂಡನ ಮುಂದೆ ನಿಂತಿದ್ದಳು. ನನಗೆ ಕೊನೆಗೆ ಕಾಗದ ಬಂತು. ಗಂಡನೂ ಬಂದರು.

ಶ್ರೀಲಂಕಾದ ಆ ಯುದ್ಧ 2009ರ ಮೇ ತಿಂಗಳಲ್ಲಿ ಮುಗಿಯಿತು. ಕಾಣೆಯಾದವರನ್ನು ಹುಡುಕಲು ಅಲ್ಲಿ ಕಾನೂನು ಮಾಡಿ ಒಂದು ಕಚೇರಿಯನ್ನೂ ತೆರೆದಿದ್ದಾರೆ. ಅಲ್ಲಿನ ಹೆಂಗಸರಿಗೆ ಅದರ ಮೇಲೆ ನಂಬಿಕೆ ಅಷ್ಟಕ್ಕಷ್ಟೇ ಎನ್ನುವುದೂ ಗೊತ್ತು. ಅದು ಅವರ ದೇಶದ ಮಾತು, ನಾನು ಹೇಳುವ ಹಾಗಿಲ್ಲ. ಆದರೆ 1987ರಿಂದ 1990ರವರೆಗೆ ಆ ಊರುಗಳಲ್ಲಿ ನಮ್ಮ ಸೈನ್ಯ ಇತ್ತು. ನಮ್ಮ ಕ್ಯಾಂಪುಗಳಲ್ಲಿ ಜನರನ್ನು ಇಟ್ಟುಕೊಂಡಿದ್ದೆವು, ವಿಚಾರಿಸಿದ್ದೆವು, ಬಿಟ್ಟಿದ್ದೆವು. ಹಿಡಿದವರ ಪಟ್ಟಿ, ಬಿಟ್ಟವರ ಪಟ್ಟಿ, ಸಿಕ್ಕ ಹೆಣಗಳ ಪಟ್ಟಿ ಎಲ್ಲೋ ಒಂದು ಕಡೆ ಇರಲೇಬೇಕು. ಸೈನ್ಯದವರು ಒಂದು ಕಂಬಳಿ ಕಳೆದರೂ ಲೆಕ್ಕ ಬರೆಯುವವರು. ಮನುಷ್ಯರ ಲೆಕ್ಕ ಬರೆಯದೆ ಇರುತ್ತಾರೆಯೇ?

ಹಾಗಾಗಿ ನನ್ನ ಮೊದಲ ಕೋರಿಕೆ ಇದು. ಆ ಪಟ್ಟಿಗಳನ್ನು ಹುಡುಕಿಸಿ. ವಿದೇಶಾಂಗ ಸಚಿವಾಲಯದ ಮೂಲಕ ಶ್ರೀಲಂಕಾಕ್ಕೆ ಕೊಡಿ, ಸಾಧ್ಯವಾದರೆ ನೇರವಾಗಿ ಆ ಕುಟುಂಬಗಳು ನೋಡುವ ಹಾಗೆ ಮಾಡಿ. ಅದರಲ್ಲಿ ನಮಗೆ ಮುಜುಗರ ತರುವ ಪುಟಗಳೂ ಇರಬಹುದು. ಇದ್ದರೆ ಇರಲಿ. ತಪ್ಪು ಮಾಡಿದವರು ಇದ್ದರೆ ಅವರು ಕೆಲವರು. ಅವರನ್ನು ಮುಚ್ಚಿಡಲು ಹೋಗಿ ಉಳಿದ ಎಲ್ಲರ ಬಾಯಿ ಕಟ್ಟಿಸಿದ್ದೀರಿ.

ಎರಡನೆಯದು ನಮ್ಮವರದ್ದು. 2021ರ ನೀತಿಯ ಪ್ರಕಾರ ಆಪರೇಷನ್ ಪವನ್‌ನ ದಾಖಲೆಗಳನ್ನು ತೆರೆಯಿರಿ. ಗುಪ್ತಚರರ ಹೆಸರು, ಈಗಲೂ ದೇಶದ ರಕ್ಷಣೆಗೆ ಬೇಕಾದ ವಿಷಯ ಇದ್ದರೆ ಇಟ್ಟುಕೊಳ್ಳಿ, ಯಾರೂ ಕೇಳುವುದಿಲ್ಲ. ಆದರೆ ಒಬ್ಬ ಸಿಪಾಯಿ ಯಾವ ಮೋರಿಯ ಹತ್ತಿರ ಸತ್ತ ಎನ್ನುವುದು ಈಗ ಯಾವ ಶತ್ರುವಿಗೆ ಉಪಯೋಗ? ಸತ್ತವರ ಮನೆಯವರಿಗೆ ಆ ದಿನದ ಪುಟದ ನಕಲನ್ನು ಅವರು ಅರ್ಜಿ ಹಾಕುವ ಮೊದಲೇ ಕಳಿಸಿ. ಅವರ ಭಾಷೆಯಲ್ಲಿ ಕಳಿಸಿ. ಇಂಗ್ಲಿಷ್ ಕಾಗದ ಹಿಡಿದುಕೊಂಡು ಓದಿಸಲು ಮನೆ ಮನೆ ಅಲೆಯುವ ವಯಸ್ಸಲ್ಲ ಅವರದ್ದು.

ಬದುಕಿ ಬಂದವರನ್ನು ಕೂರಿಸಿ ಕೇಳಿ. ಅಲ್ಲಿಗೆ ಇಪ್ಪತ್ತರ ಹುಡುಗರಾಗಿ ಹೋದವರಿಗೂ ಈಗ ಅರವತ್ತರ ಮೇಲಾಗುತ್ತಾ ಬಂತು. ಹವಾಲ್ದಾರ್, ಸುಬೇದಾರ್ ಆಗಿದ್ದವರಲ್ಲಿ ಎಷ್ಟೋ ಜನ ಆಗಲೇ ಇಲ್ಲ. ದೊಡ್ಡ ಅಧಿಕಾರಿಗಳು ಪುಸ್ತಕ ಬರೆದಿದ್ದಾರೆ. ಸಿಪಾಯಿಗಳು ಬರೆದಿಲ್ಲ. ಬರೆದದ್ದು ಇನ್‌ಲ್ಯಾಂಡ್ ಲೆಟರ್ ಮಾತ್ರ. ಬೆಂಗಳೂರಿನಲ್ಲಿ, ಬೆಳಗಾವಿಯಲ್ಲಿ ಸೈನ್ಯದ ಸೆಂಟರ್‌ಗಳಿವೆ. ಕೊಡಗಿನಲ್ಲಿ ಮನೆಗೊಬ್ಬ ಮಾಜಿ ಸೈನಿಕರು ಸಿಗುತ್ತಾರೆ. ರೆಕಾರ್ಡರ್ ಹಿಡಿದು ಒಬ್ಬರು ಬಂದರೆ ಸಾಕು. ಬಂದವರು ದಯವಿಟ್ಟು ಹೆಂಡತಿಯರನ್ನೂ ಕೇಳಲಿ. ಗಂಡಸರು 'ಏನೂ ಆಗಿಲ್ಲ, ಎಲ್ಲ ಚೆನ್ನಾಗಿತ್ತು' ಎಂದು ಹೇಳಿ ಕಳಿಸಿಬಿಡುತ್ತಾರೆ. ನಾವು ಹೋಗುವ ಚಿಕಿತ್ಸಾಲಯದಲ್ಲಿ ಆಗುವುದೂ ಅದೇ. ಬಿಪಿ ನೋಡುತ್ತಾರೆ, ಶುಗರ್ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. ರಾತ್ರಿ ನಿದ್ದೆ ಬರುತ್ತಾ ಎಂದು ಕೇಳಿದವರಿಲ್ಲ, ಕೇಳಿದರೂ ಇವರು ಬರುತ್ತೆ ಅನ್ನುತ್ತಾರೆ. ಪಕ್ಕದಲ್ಲಿ ಮಲಗುವವಳನ್ನು ಒಳಗೆ ಕರೆಯುವುದಿಲ್ಲ. ಆ ಕಾಲದಲ್ಲಿ ಮನಸ್ಸಿನ ಗಾಯ ಅಂತ ಯಾರೂ ಕಾಗದದ ಮೇಲೆ ಬರೆಯಲಿಲ್ಲ. ಬರೆದಿಲ್ಲ ಎಂದ ಮಾತ್ರಕ್ಕೆ ಆಗಿಲ್ಲ ಎಂದು ತಿಳಿಯಬೇಡಿ. ಶ್ರೀಲಂಕಾಕ್ಕೆ ಹೋಗಿ ಬಂದವರನ್ನು ಒಂದು ಸಲವಾದರೂ ಕರೆಸಿ, ಮನೆಯವರನ್ನು ಜೊತೆಗೆ ಕೂರಿಸಿ ಪರೀಕ್ಷೆ ಮಾಡಿಸಿ.

ಕೊನೆಯದು ಸಣ್ಣದು. ಇವರು ಇಳಿದ ಪಲಾಲಿ ವಿಮಾನ ನಿಲ್ದಾಣ 2019ರಿಂದ ಜಾಫ್ನಾ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಆಗಿದೆ. ಚೆನ್ನೈಯಿಂದ ಟಿಕೆಟ್ ತೆಗೆದುಕೊಂಡು ಹೋಗಬಹುದು. ಕಂಕೇಸಂತುರೈ ಬಂದರಿಗೆ 2023ರಲ್ಲಿ ನಾಗಪಟ್ಟಣದಿಂದ ಹಡಗು ಶುರುವಾಯಿತು. ಅಲ್ಲಿ ಸತ್ತವರ ಹೆಂಡತಿಯರನ್ನು, ಅವರ ಮಕ್ಕಳನ್ನು ಒಂದು ಸಲ ಸರ್ಕಾರದ ಖರ್ಚಿನಲ್ಲಿ ಕರೆದುಕೊಂಡು ಹೋಗಿ. ಭಾಷಣ ಬೇಡ, ಬ್ಯಾಂಡ್ ಬೇಡ. ನನ್ನ ಪಕ್ಕದ ಹೋಬಳಿಯ ಆ ಹೆಣ್ಣುಮಗಳ ಹೆಸರನ್ನು ಮೊದಲು ಬರೆದುಕೊಳ್ಳಿ. ಅವಳ ವಿಳಾಸವನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸುತ್ತಿದ್ದೇನೆ. ನಮ್ಮನ್ನು ಕರೆಯುವುದು ಬೇಡ. ಬರಲ್ಲ ಎಂದು ಇವರು ಹೇಳಿದ್ದಾರೆ. ಬಲವಂತ ಮಾಡುವುದಿಲ್ಲ.

ಇವರು ಬರೆದ ಕಾಗದಗಳು ನನ್ನ ಹತ್ತಿರ ಇವೆ. ನಿಮ್ಮ ಇತಿಹಾಸ ವಿಭಾಗದವರಿಗೆ ಬೇಕಾದರೆ ಜೆರಾಕ್ಸ್ ಮಾಡಿಸಿ ಕೊಡುತ್ತೇನೆ. ಮೂಲ ಕೊಡುವುದಿಲ್ಲ. ಅಂಚಿನಲ್ಲಿರುವ ಸಾಲುಗಳನ್ನು ಮುಚ್ಚಿಯೇ ಜೆರಾಕ್ಸ್ ಮಾಡಿಸುತ್ತೇನೆ, ಅದರಲ್ಲಿ ದೇಶಕ್ಕೆ ಬೇಕಾದದ್ದು ಏನೂ ಇಲ್ಲ. ಈ ಪತ್ರಕ್ಕೆ ಉತ್ತರ ಕೊಡುವುದಾದರೆ ಕನ್ನಡದಲ್ಲೇ ಕೊಡಿಸಿ. ನಿವೃತ್ತ ಸೈನಿಕರ ಹೆಸರಿಗೆ ಬೇಡ, ಪತ್ರ ಬರೆದವಳ ಹೆಸರಿಗೆ ಬರಲಿ.

ಇಂತಿ ತಮ್ಮ ವಿಶ್ವಾಸಿ,
ಸೈನಿಕರೊಬ್ಬರ ಹೆಂಡತಿ, ನಿವೃತ್ತ ಶಿಕ್ಷಕಿ
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ
(ಹೆಸರು, ವಿಳಾಸ ಸಚಿವರಿಗೆ ಕಳಿಸಿದ ಪ್ರತಿಯಲ್ಲಿದೆ)